ನಾಗರತ್ನ ಮೇಡಂ ಬೆನ್ನು ಹತ್ತಿದ ಹೆಪ್ಪು

ಅವತ್ತು ಹೆಡತಲೆ ಊರಿನ ನಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದವರು ಇಬ್ಬರು. ನಂಜನಗೂಡಿನ ಕಾಲೇಜಿನಲ್ಲಿ ನನಗೆ ಸೂಕ್ಷ್ಮಜೀವಿಶಾಸ್ತ್ರ ಕಲಿಸಿದ ನಾಗರತ್ನ ಮೇಡಂ ಒಬ್ಬರು, ಊರಿನ ಹಾಲಿನ ಡೇರಿಯ ಕಾರ್ಯದರ್ಶಿ ಮಾದೇವಪ್ಪ ಇನ್ನೊಬ್ಬರು. ಬಡಿಸುತ್ತಿದ್ದವಳು ನಾನು. ಅಡುಗೆಮನೆಯ ಬಾಗಿಲಿಗೆ ಒರಗಿ, ಯಾರು ಎಷ್ಟು ತಿಂದರು ಎಂದು ಕಣ್ಣಲ್ಲೇ ಅಳೆಯುತ್ತ ನಿಂತಿದ್ದವರು ನಮ್ಮತ್ತೆ ನಂಜಮ್ಮಣ್ಣಿ. ಅನ್ನದ ಮೇಲೆ ಮೊಸರು ಬಿತ್ತು. ಮಾದೇವಪ್ಪ ಕಲಸತೊಡಗಿದರು. ಮೇಡಂ ಮಾತ್ರ ಕೈ ಹಾಕಲಿಲ್ಲ. ತಟ್ಟೆಯನ್ನು ಎತ್ತಿ ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ನಿಧಾನವಾಗಿ ಉಸಿರೆಳೆದುಕೊಂಡರು.

"ಏನ್ ಮೇಷ್ಟ್ರಮ್ಮ, ಬೆಕ್ಕು ಮೂಸ್ದಂಗೆ ಮೂಸ್ತಿದ್ದೀರಿ," ಎಂದರು ಅತ್ತೆ. "ನಮ್ಮನೆ ಮೊಸರು ಕೆಟ್ಟದ್ದು ಅನ್ನೋ ಮಾತು ಇದುವರ್ಗೂ ಯಾರೂ ಆಡಿಲ್ಲ."

"ತಪ್ಪು ತಿಳ್ಕೋಬೇಡಿ ನಂಜಮ್ಮಣ್ಣಿಯೋರೇ. ಇದು ನನ್ನ ಚಾಳಿ. ನಮ್ಮಪ್ಪ ಪೂಜೆ ಮುಗಿಸಿ ತೀರ್ಥ ಕೊಟ್ಟರೂ ಮೊದಲು ಮೂಸಿ ಆಮೇಲೆ ಕಣ್ಣಿಗೊತ್ತಿಕೊಳ್ತಿದ್ದೆ. ಅದಕ್ಕೆ ಬೈಸಿಕೊಂಡಿರೋದು ಅಷ್ಟಿಷ್ಟಲ್ಲ."

ಮಾತು ಸುಳ್ಳಲ್ಲ. ದೇವಸ್ಥಾನದ ಬೀದಿಯ ಪುರೋಹಿತರ ಮನೆಯಲ್ಲಿ ಹುಟ್ಟಿದ ಮೇಡಂ, ಮೂಸದೆ ಏನನ್ನೂ ಒಪ್ಪಿಕೊಂಡವರಲ್ಲ. ಬಾಡಿಗೆ ಆಟೋದ ಸೀಟು, ಹೊಸ ಸೀಮೆಸುಣ್ಣದ ಡಬ್ಬ, ಕಪಿಲೆಯ ಸೋಪಾನದ ಕೊನೆಯ ಮೆಟ್ಟಿಲಿನ ಪಾಚಿ, ಎಲ್ಲದಕ್ಕೂ ಒಂದು ಉಸಿರು ಮೀಸಲು. ಲ್ಯಾಬಿನಲ್ಲಿ ಮಾತ್ರ ನಾವು ಮೂಗು ಬಗ್ಗಿಸಿದರೆ ಗದರುವರು. "ಅಡುಗೆಮನೇಲಿ ಮೂಸಿದರೆ ವಿದ್ಯೆ, ಇಲ್ಲಿ ಮೂಸಿದರೆ ಆಸ್ಪತ್ರೆ," ಎನ್ನುವರು. ಕುಳ್ಳಗಿನ ಮೈಕಟ್ಟು, ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದ ಹತ್ತಿಯ ಸೀರೆ, ಹೆಗಲಿಗೆ ಮೀನು ಮಾರುವವರು ಇಟ್ಟುಕೊಳ್ಳುವಂಥ ಥರ್ಮೋಕೋಲಿನ ಐಸ್ ಪೆಟ್ಟಿಗೆ. ಬಸ್ಸಿನ ಕಂಡಕ್ಟರುಗಳಿಗೆ ಆ ಪೆಟ್ಟಿಗೆಯ ಮೇಲೆ ಸದಾ ಅನುಮಾನ. "ಮೀನಾ ಮೇಡಂ?" ಎಂದು ಕೇಳಿದರೆ, "ಅದಕ್ಕಿಂತ ಚಿಕ್ಕದು, ಟಿಕೆಟ್ ಬೇಡ," ಎಂದು ಕಿಟಕಿಯ ಪಕ್ಕ ಕೂತುಬಿಡುವರು.

ಅವರ ಬಾಯಲ್ಲಿ ಒಂದು ಮಾತು ಯಾವಾಗಲೂ ಇರುತ್ತಿತ್ತು: "ಬಿತ್ತಿ ನೋಡೋಣ." ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸುವುದಕ್ಕೆ ಪುಸ್ತಕದಲ್ಲಿ ಇರುವ ಪದವನ್ನು ಅವರು ಬಳಸುತ್ತಿರಲಿಲ್ಲ. ರಾಗಿ ಬಿತ್ತಿದ ಹಾಗೆ ಬಿತ್ತುವುದು, ಮೊಳೆಯುತ್ತದೋ ಇಲ್ಲವೋ ಕಾಯುವುದು. ಕಾಲೇಜಿನ ನಲ್ಲಿ ನೀರು ಶುದ್ಧವೋ ಅಲ್ಲವೋ ಎಂದು ಪ್ರಿನ್ಸಿಪಾಲರೇ ಕೇಳಿದರೂ ಹೂಂ ಎನ್ನುತ್ತಿರಲಿಲ್ಲ, ಉಹೂಂ ಎನ್ನುತ್ತಿರಲಿಲ್ಲ. ಬಿತ್ತಿ ನೋಡೋಣ ಸಾರ್, ಅಷ್ಟೇ.

ಆ ಊಟದ ಹೊತ್ತಿಗೆ ಮಾದೇವಪ್ಪ, ತಮ್ಮ ಮನೆಯದೇ ಹಿರಿಮೆ ಎಂಬಂತೆ ಶುರುಮಾಡಿದರು. "ನೀವು ಮೂಸೋದು ಸರಿಯೇ ಮೇಡಂ. ಇಂಥ ಮೊಸರು ಬೇರೆ ಕಡೆ ಸಿಕ್ಕಕಿಲ್ಲ. ಈ ಕೆಚ್ಚಲು ಬಾವು ಬಂದಾಗಿಂದ ಊರಲ್ಲಿ ಯಾರ ಮನೇಲೂ ಹಾಲು ಹೆಪ್ಪಾಯ್ತಾ ಇಲ್ಲ, ಸುಮ್ಕೆ ನೀರ್ನಂಗೆ ನಿಂತ್ಕತ್ತದೆ. ಅಮ್ಮಣ್ಣಿ ಹೆಪ್ಪು ಹಾಕುದ್ರೆ ಮಾತ್ರ ಕಲ್ಲು ಕೂತಂಗೆ ಕೂತ್ಕತ್ತದೆ. ಈಗ ಊರಿಗೆಲ್ಲ ಇದೇ ಹೆಪ್ಪು."

ಮೇಡಂ ತಟ್ಟೆಯನ್ನು ಕೆಳಗಿಟ್ಟರು. "ಕೆಚ್ಚಲು ಬಾವಿಗೆ ಇಂಜೆಕ್ಷನ್ ಹಾಕಿಸಿದ್ದೀರಾ?"

"ಆಕ್ಸ್ದೆ ಇರಕ್ಕಾದದಾ? ಸೀಮೆ ಅಸುಗಳಿಗೆಲ್ಲ ಆಗದೆ."

"ಆ ಹಾಲನ್ನ ಏನು ಮಾಡ್ತೀರಿ?"

"ಇಂಜೆಕ್ಷನ್ ಆಗಿರೋ ಅಸೀನ ಹಾಲು ಡೇರಿಗೆ ಆಕ್ಬೇಡಿ ಅಂತ ಡಾಕ್ಟ್ರು ಯೋಳವ್ರೆ," ಎಂದರು ಅತ್ತೆ, ಕೇಳಿದ್ದೇ ದಡ್ಡತನ ಎಂಬಂತೆ. "ಅದ್ಕೇ ಮನೇಲೇ ಇಟ್ಕತ್ತೀವಿ."

ನಾನು ವಿಜ್ಞಾನದ ಪದವಿ ಪಡೆದು ಶಾಲೆಯಲ್ಲಿ ಪಾಠ ಹೇಳುವವಳು. ಆದರೂ ಆ ಮಾತಿನಲ್ಲಿದ್ದ ವಿಚಿತ್ರ ನನಗೆ ಅದುವರೆಗೆ ಹೊಳೆದಿರಲಿಲ್ಲ. ಡೇರಿಗೆ ಬೇಡ ಎಂದರೆ ಮನೆಗೆ ಬೇಡ ಎಂದು ಡಾಕ್ಟರು ಹೇಳಿರಲಿಲ್ಲವಲ್ಲ. ಊರಿಗೆ ಊರೇ ಹಾಗೆ ತಿಳಿದಿತ್ತು. ಡೇರಿಗೆ ನಿಯತ್ತಾಗಿ ನಡೆದುಕೊಂಡು, ಮದ್ದು ಬೆರೆತ ಹಾಲನ್ನೆಲ್ಲ ಮನೆಮಂದಿಯೇ ಕುಡಿದು, ಉಳಿದದ್ದಕ್ಕೆ ಹೆಪ್ಪು ಹಾಕುತ್ತಿದ್ದೆವು.

ಮೇಡಂ ಹೊರಡುವಾಗ ಒಂದು ಚಮಚ ಹೆಪ್ಪು ಕೇಳಿದರು. ಹೆಪ್ಪು ಕೇಳಿದವರಿಗೆ ಇಲ್ಲ ಎನ್ನುವ ಪದ್ಧತಿ ನಮ್ಮತ್ತೆಯಲ್ಲಿ ಇಲ್ಲ. ಬೀಗಿಕೊಂಡೇ ಬಟ್ಟಲಿಗೆ ಹಾಕಿಕೊಟ್ಟರು. "ನಮ್ಮವ್ವ ಮುಡುಕುತೊರೆಯಿಂದ ನನ್ ಮದ್ವೇಲಿ ಮಡಕೇಲಿ ಕೊಟ್ಟು ಕಳ್ಸಿದ್ದು. ಇವತ್ತಿಗೂ ತಪ್ಪಿಲ್ಲ. ಉಸಾರಾಗಿ ತಕಂಡೋಗಿ."

ಮುಂದಿನ ಸೋಮವಾರ ಅತ್ತೆಯನ್ನು ದೇವರ ದರ್ಶನಕ್ಕೆಂದು ನಂಜನಗೂಡಿಗೆ ಕರೆದುಕೊಂಡು ಹೋಗಿದ್ದೆ. ಗುಡಿಯಿಂದ ಹೊರಬರುವಷ್ಟರಲ್ಲಿ ಬಾಗಿಲಲ್ಲೇ ಮೇಡಂ. ಕುಂಕುಮ ಒಣಗುವ ಮೊದಲೇ ನಮ್ಮನ್ನು ಕಾಲೇಜಿನ ಲ್ಯಾಬಿಗೆ ನಡೆಸಿಕೊಂಡು ಹೋದರು. ಮೇಜಿನ ಮೇಲೆ ಮುಚ್ಚಿ ಟೇಪು ಸುತ್ತಿದ ಎರಡು ಗಾಜಿನ ತಟ್ಟೆಗಳು. ಎರಡರಲ್ಲೂ ನಸುಬಿಳಿಯ ಪೊರೆ ಹರಡಿತ್ತು, ನಡುವೆ ಕುಂಕುಮದ ಬೊಟ್ಟಿನಷ್ಟು ಕಾಗದದ ಬಿಲ್ಲೆ. ಒಂದರಲ್ಲಿ ಬಿಲ್ಲೆಯ ಸುತ್ತ ಗುಡಿಸಿ ಸಾರಿಸಿದಂತೆ ಖಾಲಿ ವೃತ್ತ. ಇನ್ನೊಂದರಲ್ಲಿ ಪೊರೆ ಬಿಲ್ಲೆಯ ಅಂಚಿನವರೆಗೂ ನುಗ್ಗಿ ನಿಂತಿತ್ತು.

"ಬಿಲ್ಲೇಲಿ ಏನದೆ?" ಎಂದರು ಅತ್ತೆ.

"ನಿಮ್ಮ ಹಸುವಿಗೆ ಹಾಕಿದರಲ್ಲ, ಅದೇ ಮದ್ದು. ಖಾಲಿ ಜಾಗ ಇರೋದು ನಮ್ಮನೆ ಹೆಪ್ಪು. ಮದ್ದಿಗೆ ಹೆದರಿ ದೂರ ಸರಿದಿದೆ. ಇದು ನಿಮ್ಮನೇದು."

ಅತ್ತೆ ಬಗ್ಗಿ ನೋಡಿದರು. ಮುಖ ಅರಳಿತು. "ಅಂಗಾದ್ರೆ ನಂದೇ ಗೆದ್ದದೆ."

"ಗೆದ್ದಿದೆ," ಎಂದರು ಮೇಡಂ. "ಅದೇ ನನ್ನ ಸಂಕಟ."

ಅವತ್ತು ಲ್ಯಾಬಿನ ಸ್ಟೂಲಿನ ಮೇಲೆ ಅತ್ತೆಯನ್ನು ಕೂರಿಸಿ ಹೇಳಿದ ಪಾಠ, ನಮಗೆ ತರಗತಿಯಲ್ಲಿ ಹೇಳಿದ್ದಕ್ಕಿಂತ ಚೆನ್ನಾಗಿತ್ತು. "ನಮ್ಮ ಮೂಗು, ಮೈಬಣ್ಣ ಎಲ್ಲ ಹೆತ್ತವರಿಂದ ಬರಬೇಕು. ಪಕ್ಕದ ಮನೆಯವರಿಂದ ಬರೋಕಾಗಲ್ಲ. ಬ್ಯಾಕ್ಟೀರಿಯಾಗೆ ಆ ಕಟ್ಟುಪಾಡಿಲ್ಲ. ಮದ್ದನ್ನ ತಡ್ಕೊಳ್ಳೋ ಉಪಾಯ ಒಂದಕ್ಕೆ ಗೊತ್ತಾದರೆ, ನೀವು ಕಾಂಪೌಂಡ್ ಗೋಡೆ ಮೇಲಿಂದ ಸಾರಿನ ಬಟ್ಟಲು ದಾಟಿಸ್ತೀರಲ್ಲ, ಹಾಗೆ ಪಕ್ಕದ್ದಕ್ಕೆ ದಾಟಿಸಿಬಿಡುತ್ತೆ. ಯಾವ ಕುಲ ಅಂತ ಕೇಳಲ್ಲ. ನಿಮ್ಮ ಮೊಸರಿನದು ಸಾಧು ಪ್ರಾಣಿ, ಯಾರಿಗೂ ಕಾಯಿಲೆ ತರಲ್ಲ. ಆದರೆ ಹೊಟ್ಟೆಯೊಳಗೆ ಅದರ ಪಕ್ಕದಲ್ಲೇ ಕಾಯಿಲೆ ತರೋವೂ ಇರ್ತವೆ."

"ಅವುಕ್ಕೆ ಕೊಟ್ಬುಡ್ತದಾ?"

"ಕೊಟ್ಟಿದೆಯೋ ಇಲ್ಲವೋ ಗೊತ್ತಿಲ್ಲ. ಕೊಡಬಲ್ಲದು ಅನ್ನೋದು ಗೊತ್ತು. ಗಾಜಿನೊಳಗೆ ಎರಡನ್ನೂ ಒಟ್ಟಿಗೆ ಬಿಟ್ಟು ನೋಡಿದೆ, ದಾಟಿಸಿತು. ನಾಳೆ ನಿಮಗೇ ಜ್ವರ ಬಂದು ಈ ಮದ್ದು ಕೊಟ್ಟರೆ ನಾಟದೇ ಹೋಗಬಹುದು."

"ನಾಟ್ದೇ ಓಗ್ಬೋದು, ನಾಟ್ಲೂಬೋದು," ಎಂದು ಅತ್ತೆ ಎದ್ದು ಸೆರಗು ಕೊಡವಿದರು. "ಅದ್ಕೇನೀಗ?"

"ಈ ಹೆಪ್ಪನ್ನ ಕುದಿಸಿ ಚೆಲ್ಲಬೇಕು. ಊರಲ್ಲಿ ಯಾರ್‍ಯಾರಿಗೆ ಕೊಟ್ಟಿದ್ದೀರೋ ಅವರೂ ಚೆಲ್ಲಬೇಕು."

ಅತ್ತೆ ಬಸ್ ಸ್ಟ್ಯಾಂಡಿನ ಕಡೆ ಹೊರಟೇಬಿಟ್ಟರು. ಬಸ್ಸು ಹತ್ತಿ ಕೂತ ಮೇಲೆ ಕಿಟಕಿಯ ಕಡೆ ತಿರುಗಿ ಹೇಳಿದರು: "ನಮ್ಮವ್ವ ಸತ್ತಾಗ ಮುಖ ನೋಡಕ್ಕಾಗ್ನಿಲ್ಲ ನಂಗೆ. ದಿನಾ ಬೆಳಿಗ್ಗೆ ಮಡಕೆ ಮುಚ್ಳ ತಗುದ್ರೆ ಅವಳ ಕೈ ನೋಡ್ದಂಗಾಯ್ತದೆ. ಚೆಲ್ಲು ಅಂತಳಲ್ಲ ಆ ಮೇಷ್ಟ್ರಮ್ಮ, ಎಷ್ಟು ಸಲೀಸು."

ಮೇಡಂಗೆ ಈ ಮಾತನ್ನು ನಾನು ತಿಳಿಸಿದೆ. ಅವರು "ಹಾಗಾದರೆ ಅದನ್ನ ಚೆಲ್ಲಿಸೋ ಹಕ್ಕು ನನಗಿಲ್ಲ. ಅವರೇ ಚೆಲ್ಲಬೇಕು. ಚೆಲ್ಲೋವರೆಗೂ ಬರ್ತಾ ಇರ್ತೀನಿ," ಎಂದರು.

ಬಂದರು. ಪ್ರತಿ ಭಾನುವಾರ ಮೊದಲ ಬಸ್ಸಿಗೆ ಇಳಿದು, ಡೇರಿಯ ಮುಂದೆ ಕ್ಯಾನುಗಳ ಪಕ್ಕ ನಿಂತುಕೊಳ್ಳುವರು. ಹಾಲು ಹಾಕಲು ಬಂದವರನ್ನೆಲ್ಲ ಮಾತಾಡಿಸುವರು. ಯಾರ ಹಸುವಿಗೆ ಮದ್ದಾಗಿದೆ, ಯಾರ ಮನೆಯಲ್ಲಿ ಯಾರ ಹೆಪ್ಪು. ಊರಿನವರು "ಮೊಸರು ಮೇಡಂ ಬಂದ್ರು, ಮಡಕೆ ಮುಚ್ಚಿಟ್ಕಳಿ" ಎಂದು ಗೇಲಿ ಮಾಡುವರು. ಒಬ್ಬರು ಒಂದು ಲೋಟ ಮಜ್ಜಿಗೆ ತಂದು, "ಅಮ್ಮಣ್ಣಿ ಹೆಪ್ಪಿಂದೇ. ವಿಸ ಅಲ್ಲ ತಾನೆ, ಕುಡುದು ತೋರ್ಸಿ," ಎಂದು ಹಿಡಿದರು.

"ವಿಷ ಅಂತ ನಾನು ಯಾವತ್ತೂ ಅಂದಿಲ್ಲ. ಕುಡಿದರೆ ನನಗೇನೂ ಆಗಲ್ಲ. ಆದರೆ ನಾನು ಕುಡಿದರೆ ನೀವೆಲ್ಲ ಕುಡೀತೀರಿ. ನೀರು ಕೊಡಿ ಸಾಕು."

ನೀರು ಬರಲಿಲ್ಲ. ಅವತ್ತು ಹಾಗೇ ಬಿಸಿಲಲ್ಲಿ ಬಸ್ಸಿಗೆ ನಡೆದರು. ಮುಂದಿನ ಭಾನುವಾರ ನೀರಿನ ಬಾಟಲಿಯನ್ನು ತಾವೇ ತಂದರು.

ಈ ನಡುವೆ ದೊಡ್ಡ ಸಂಸ್ಥೆಯೊಂದಕ್ಕೆ ಅವರು ಕಳಿಸಿದ್ದ ಮಾದರಿಗೆ ಉತ್ತರ ಬಂತು. ನಮ್ಮ ಮಡಕೆಯಲ್ಲಿದ್ದದ್ದು ಮೊಸರು ಮಾಡುವ ಬ್ಯಾಕ್ಟೀರಿಯಾಗಳ ಬಳಗದ್ದೇ, ಆದರೆ ಇದುವರೆಗೆ ಯಾರೂ ಗುರುತಿಸಿ ಹೆಸರಿಡದ ಹೊಸ ಪ್ರಭೇದ. ಮದ್ದನ್ನು ತಡೆಯುವ ವಂಶವಾಹಿ ಅದರ ಮೈಯಲ್ಲಿ ಭದ್ರವಾಗಿ ಕೂತಿರಲಿಲ್ಲ. ಕಿತ್ತುಕೊಂಡು ಇನ್ನೊಂದಕ್ಕೆ ಹೋಗಬಲ್ಲ ತುಣುಕೊಂದರಲ್ಲಿ ಇತ್ತು. ಹೊಸ ಜೀವಿಯೊಂದನ್ನು ಕಂಡವರಿಗೆ ಆಗುವ ಸಂತೋಷ ಮೇಡಂ ಮುಖದಲ್ಲಿ ಕಾಣಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಮೈಸೂರ್ ಪಾಕ್ ಹಂಚಿದರು. ತಾವು ತಿನ್ನಲಿಲ್ಲ. ಮೂಸಿ ಇಟ್ಟರು.

ಸುದ್ದಿ ಹೇಗೋ ಊರು ಮುಟ್ಟಿತು. ಆ ಭಾನುವಾರ ಮೇಡಂ ನಮ್ಮ ಮನೆಯಲ್ಲಿದ್ದಾಗ ಮಾದೇವಪ್ಪ ಬೆವರುತ್ತ ಬಂದರು. "ಮೇಡಂ, ಉಳಕ್ಕೆ ನಮ್ಮೂರ ಎಸ್ರು ಇಕ್ಬುಟ್ಟೀರಿ ಮತ್ತೆ. ನಾಳೆ ನಮ್ಮ ಡೇರಿ ಹಾಲು ಯಾರೂ ಮುಟ್ಟಕಿಲ್ಲ."

"ಇಡಲ್ಲ ಮಾದೇವಪ್ಪನೋರೇ. ಮಾತು ಕೊಡ್ತೀನಿ. ಊರಿನ ಹೆಸರೂ ಇಲ್ಲ, ಮನೆ ಹೆಸರೂ ಇಲ್ಲ. ಲ್ಯಾಟಿನ್‌ನಲ್ಲಿ ಮಡಕೆಗೆ ಏನಂತಾರೋ ಅದನ್ನ ಇಡ್ತೀನಿ. ಯಾವ ಊರಲ್ಲಿ ಮಡಕೆ ಇಲ್ಲ? ಆದರೆ ನೀವೂ ಒಂದು ಮಾತು ಕೊಡಬೇಕು. ಮದ್ದಾದ ಹಸುವಿನ ಹಾಲು ಡೇರಿಗೆ ಬೇಡ ಅನ್ನೋ ಹಾಗೇ ಮನೆಗೂ ಬೇಡ ಅಂತ, ಡಾಕ್ಟರು ಹೇಳಿದಷ್ಟು ದಿನ, ನೀವೇ ಎಲ್ಲರಿಗೂ ಹೇಳಬೇಕು."

ಮಾದೇವಪ್ಪ ಒಪ್ಪಿದರು. ಅತ್ತೆ ಒಪ್ಪಲಿಲ್ಲ. ಮದ್ದಿನ ಹಾಲು ಬೇಡವೆಂದರೆ ಬೇಡ, ಹೆಪ್ಪು ಮಾತ್ರ ಬಿಡುವುದಿಲ್ಲ ಎಂದರು. ಹೆಪ್ಪು ಇರುವ ತನಕ ಊರಿನವರು ಕೇಳುವುದನ್ನೂ ಬಿಡುವುದಿಲ್ಲ, ಇವರು ಕೊಡುವುದನ್ನೂ ಬಿಡುವುದಿಲ್ಲ. ಅದು ಮೇಡಂಗೆ ಚೆನ್ನಾಗಿ ಗೊತ್ತಿತ್ತು.

ಆಗ ಮೇಡಂ ಬೇರೆ ದಾರಿ ಹಿಡಿದರು. "ನಿಮ್ಮವ್ವ ಇದೇ ಹೆಪ್ಪನ್ನ ಇನ್ನು ಯಾರಿಗೆ ಕೊಟ್ಟಿದ್ದರು?"

"ನನ್ ತಂಗಿ ಚಿನ್ನಮ್ಮಣ್ಣಿ ಅವಳೆ, ಮುಡುಕುತೊರೇಲಿ, ತಾಯಿಮನೇಲೇ. ಅವಳತ್ರನೂ ಅವ್ವನ ಹೆಪ್ಪೇ ಇರೋದು."

"ಅವರ ಮನೇಲಿ ಹಸುಗಳಿಗೆ ಮದ್ದು ಹಾಕಿಸಿದ್ದಾರಾ?"

"ಅವಳದು ಎಮ್ಮೆ. ಅದುಕ್ಕೆ ನೆಗಡೀನೂ ಬರಕಿಲ್ಲ."

"ಹಾಗಾದರೆ ನಿಮ್ಮವ್ವನ ಹೆಪ್ಪು ಅಲ್ಲಿ ಹಳೇ ರೀತಿಯಲ್ಲೇ ಇರಬಹುದು. ಅದನ್ನ ತಂದುಕೊಂಡು ಇದನ್ನ ಚೆಲ್ಲಿ. ಏನೂ ಕಳ್ಕೊಂಡ ಹಾಗಾಗಲ್ಲ."

ಇದೊಂದು ಮಾತಿಗೆ ಅತ್ತೆ ಜಗ್ಗಿದರು. ಮೂವರೂ ಹೊರಟೆವು. ಟಿ. ನರಸೀಪುರದಲ್ಲಿ ಬಸ್ಸು ಬದಲಿಸುವಾಗ ತಲಕಾಡಿನ ಕಡೆಯ ಬಸ್ಸಿಗೆ ನೂಕುನುಗ್ಗಲು. ಮೇಡಂ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ನುಗ್ಗಿ, ಮೂವರಿಗೂ ಸೀಟು ಹಿಡಿದರು. "ಪರ್ವಾಗಿಲ್ಲ, ಐನೋರ ಮಗಳಾದ್ರೂ ತಳ್ಳಾಡಕ್ಕೆ ಬತ್ತದೆ," ಎಂದರು ಅತ್ತೆ. ಆ ದಾರಿಯುದ್ದಕ್ಕೂ ಅವರು ತಾಯಿಯ ಸುದ್ದಿಯನ್ನೇ ಹೇಳಿದರು. ಮೇಡಂ ಪೆಟ್ಟಿಗೆ ತಬ್ಬಿಕೊಂಡು ಕೇಳಿದರು.

ಚಿನ್ನಮ್ಮಣ್ಣಿ ಅಕ್ಕನನ್ನು ಕಂಡು ಕಾಲಿಗೆ ನೀರು ಕೊಟ್ಟು, ಕೇಳುವುದಕ್ಕೂ ಮೊದಲೇ ಮೊಸರಿನ ಮಡಕೆ ತಂದಿಟ್ಟರು. ಅತ್ತೆ ಬೆರಳದ್ದಿ ಬಾಯಿಗಿಟ್ಟುಕೊಂಡರು. "ನೋಡಿ ಮೇಷ್ಟ್ರಮ್ಮ, ಇದೇ. ನಮ್ಮವ್ವನ ಕೈ."

"ಅವ್ವನ್ದಲ್ಲಕ್ಕಾ ಅದು, ನಿಂದು," ಎಂದರು ಚಿನ್ನಮ್ಮಣ್ಣಿ ಹೆಮ್ಮೆಯಿಂದ. "ಓದ್ ವರ್ಸ ನಿಮ್ಮೂರಿಗೆ ಬಂದಾಗ ತಂದಿದ್ದೆನಲ್ಲ. ಅವ್ವನ ಹೆಪ್ಪು ಈಚೀಚೆಗೆ ತೆಳ್ಳಗೆ ಕೂರೋದು. ನಿಂದು ಗಟ್ಟಿ ಅಂತ ಅದ್ನ ಬುಟ್ಟು ಇದ್ನೇ ಮಾಡ್ಕಂಡೆ. ಬೀದೀಲೆಲ್ಲರೂ ಇಸ್ಕಂಡೋಗವ್ರೆ."

ಅತ್ತೆ ಬೆರಳನ್ನು ಸೆರಗಿಗೆ ಒರೆಸಿಕೊಂಡರು. ಚಿನ್ನಮ್ಮಣ್ಣಿ ಏನು ತಪ್ಪಾಯಿತೆಂದು ತಿಳಿಯದೆ ಒಬ್ಬೊಬ್ಬರ ಮುಖ ನೋಡಿದರು. ಮೇಡಂ ಮೆಲ್ಲಗೆ, "ಬಿತ್ತಿ ನೋಡೋಣ. ಹೀಗೇ ಅಂತ ಈಗಲೇ ಹೇಳೋಕಾಗಲ್ಲ," ಎಂದು ಒಂದು ಚಮಚ ತುಂಬಿಕೊಂಡು ಪೆಟ್ಟಿಗೆಯಲ್ಲಿಟ್ಟರು. ಅದು ಸಮಾಧಾನದ ಮಾತಾಗಿರಲಿಲ್ಲ, ಅವರ ಕ್ರಮವೇ ಹಾಗೆ. ಬಿತ್ತಿದ್ದರ ಫಲ ಮೂರನೆಯ ದಿನ ನಮಗೆ ಗೊತ್ತಾಯಿತು: ಬಿಲ್ಲೆಯ ಸುತ್ತ ಖಾಲಿ ಜಾಗ ಇರಲಿಲ್ಲ.

ಆದರೆ ಅತ್ತೆ ಅದಕ್ಕೆ ಕಾದಿರಲಿಲ್ಲ. ಮುಡುಕುತೊರೆಯಿಂದ ಬಂದ ಮರುದಿನ ಬೆಳಿಗ್ಗೆ ನಾನು ಎದ್ದಾಗ, ಹಿತ್ತಲ ಒಲೆಯ ಮೇಲೆ ಮೊಸರು ಕೊತಕೊತ ಕುದಿಯುತ್ತಿತ್ತು. ಪಕ್ಕದಲ್ಲಿ ಮಡಕೆಯನ್ನು ಒಡೆದು ಹಾಕಿದ್ದರು. ಅಳುತ್ತಿರಲಿಲ್ಲ. ಒಲೆಗೆ ಸೌದೆ ನೂಕುತ್ತ ಕೂತಿದ್ದರು.

"ಅವ್ವನ್ದು ಆಗ್ಲೇ ಓಗಿತ್ತು ಮಂಗಳಾ. ನಾನು ಬರೀ ಮಡಕೆ ಕಾಯ್ತಿದ್ದೆ," ಎಂದರು. ಆಮೇಲೆ ಹೊಸ ಸ್ಟೀಲ್ ಪಾತ್ರೆಯಲ್ಲಿ ಮದ್ದು ಕಾಣದ ಹಸುವಿನ ಹಾಲು ಕಾಯಿಸಿ, ಉಗುರುಬೆಚ್ಚಗಾದ ಮೇಲೆ ಹಸಿಮೆಣಸಿನಕಾಯಿಯ ತೊಟ್ಟುಗಳನ್ನು ಹಾಕಿ ಮುಚ್ಚಿಟ್ಟರು. ಹೆಪ್ಪಿಲ್ಲದೆ ಮೊಸರು ಮಾಡುವ ಹಳೆಯ ದಾರಿ ಅದು. "ನಮ್ಮವ್ವನೂ ಎಲ್ಲಿಂದ್ಲೋ ಸುರು ಮಾಡಿರ್ಬೇಕಲ್ಲ."

ಮೊದಲನೆಯ ದಿನದ್ದು ಲೋಳೆಲೋಳೆ. ಎರಡನೆಯದು ಕಹಿ. ಮೇಡಂ ಪ್ರತಿಯೊಂದನ್ನೂ ಒಯ್ದು ಬಿತ್ತಿದರು. ಕೊನೆಗೊಂದು ದಿನ ಬಿಲ್ಲೆಯ ಸುತ್ತ ವೃತ್ತ ಬಂದದ್ದನ್ನು ಫೋನಿನಲ್ಲಿ ಹೇಳಿದಾಗ ಅತ್ತೆ ಕೇಳಿದ್ದು ಒಂದೇ: "ಹಂಗಾದ್ರೆ ಇದು ಸೋತದೆ?"

"ಸೋತಿದೆ ನಂಜಮ್ಮಣ್ಣಿಯೋರೇ."

"ಸರಿ, ಸೋಲ್ಲಿ ಬುಡಿ."

ಅಲ್ಲಿಂದ ಮುಂದೆ ಡೇರಿಯ ಮುಂದೆ ಭಾನುವಾರ ಇಬ್ಬರು ನಿಲ್ಲತೊಡಗಿದರು. ಮೇಡಂ ಹೇಳಿದಾಗ ನಕ್ಕಿದ್ದವರು, ಅತ್ತೆ "ನಾನು ಕೊಟ್ಟಿದ್ದು, ನಾನೇ ಯೋಳ್ತಿವ್ನಿ, ಕುದ್ಸಿ ಚೆಲ್ಲು" ಎಂದಾಗ ನಗಲಿಲ್ಲ. ಕೆಲವರು ಕೂಡಲೇ ಚೆಲ್ಲಿದರು, ಕೆಲವರು ಚೆಲ್ಲಿದೆವೆಂದು ಸುಳ್ಳು ಹೇಳಿದರು. ಅಂಥವರ ಅಡುಗೆಮನೆಗೇ ಅತ್ತೆ ನುಗ್ಗಿದರು. ಬರಿಗೈಲಿ ಹೋಗುತ್ತಿರಲಿಲ್ಲ, ಹೊಸ ಹೆಪ್ಪು ಕೊಟ್ಟು ಹಳೆಯದನ್ನು ಕುದಿಸಿಯೇ ಬರುತ್ತಿದ್ದರು. ಹೆಡತಲೆಯದು ಮುಗಿಯುವ ಹೊತ್ತಿಗೆ ಮೇಡಂ ಮುಡುಕುತೊರೆಯ ಬೀದಿ ಹಿಡಿದಿದ್ದರು. ಅಲ್ಲಿಂದ ಸುತ್ತಮುತ್ತಲ ಊರು. ಎಲ್ಲೆಲ್ಲಿ ಹೋಗಿದೆಯೋ ಯಾರಿಗೂ ಪೂರ್ತಿ ಗೊತ್ತಿರಲಿಲ್ಲ. ಪೂರ್ತಿ ಗೊತ್ತಾಗುವುದೂ ಇಲ್ಲ ಎಂದು ಅವರೇ ಹೇಳುತ್ತಿದ್ದರು. "ಅದು ಹೋಗೋದನ್ನ ನಿಲ್ಲಿಸಲ್ಲ. ನಾನೂ ನಿಲ್ಲಿಸಲ್ಲ."

ಕೊನೆಯ ಸಲ ಅವರನ್ನು ನೋಡಿದ್ದು ಟಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ. ಅಷ್ಟು ಹೊತ್ತಿಗೆ ಕೆಲಸದಿಂದ ನಿವೃತ್ತರಾಗಿದ್ದರು. ಹೆಗಲಿನಲ್ಲಿ ಅದೇ ಪೆಟ್ಟಿಗೆ. ಏದುಸಿರು ಸ್ವಲ್ಪ ಜಾಸ್ತಿಯೇ ಹತ್ತಿತ್ತು. ಡಾಕ್ಟರಿಗೆ ತೋರಿಸಿ ಎಂದೆ. "ತೋರಿಸಿದೀನಿ. ಮೆಟ್ಟಿಲು ಹತ್ತಬೇಡಿ ಅಂದರು. ಬಸ್ಸು ಹತ್ತಬೇಡಿ ಅಂದಿಲ್ಲ," ಎಂದರು. ಒಳಗೆ ಕೂತ ಮೇಲೆ ಕಿಟಕಿಯಿಂದ ಬಗ್ಗಿ, "ಅತ್ತೆಯೋರಿಗೆ ಹೇಳು, ಅದಕ್ಕೆ ಹೆಸರು ಗಟ್ಟಿಯಾಯ್ತು, ಮಡಕೆ ಅಂತಾನೇ," ಎಂದರು. ಹೇಳಿದೆ. "ಎಸ್ರು ಏನಾರ ಇಟ್ಕಳ್ಲಿ, ನಮ್ಮನೆ ಕಡೆ ತಲೆ ಆಕ್ಬೇಡ ಅನ್ನು," ಎಂದರು ಅತ್ತೆ.

ಆ ವರ್ಷದ ಶ್ರಾವಣದಲ್ಲಿ ಮೇಡಂ ಹೃದಯಾಘಾತದಿಂದ ತೀರಿಕೊಂಡರು. ನಾವಿಬ್ಬರೂ ನಂಜನಗೂಡಿಗೆ ಹೋಗಿ ನೋಡಿಕೊಂಡು ಬಂದೆವು.

ಕಾರ್ತಿಕದಲ್ಲಿ ನಮ್ಮ ಸೀಮೆ ಹಸುವಿಗೆ ಮತ್ತೆ ಕೆಚ್ಚಲು ಬಾವು ಬಂತು. ಡಾಕ್ಟರು ಇಂಜೆಕ್ಷನ್ ಹಾಕಿ, ಇಷ್ಟು ದಿನ ಹಾಲು ಬಳಸಬೇಡಿ ಎಂದು ಹೇಳಿ ಹೋದರು. ಅತ್ತೆ ತಮ್ಮ ಹಳೆಯ ಕೆಂಪು ಸೀರೆಯ ಅಂಚನ್ನು ಹರಿದು ಹಸುವಿನ ಕೊಂಬಿಗೆ ಕಟ್ಟಿದರು. ಯಾಕೆಂದು ಕೇಳಿದೆ. "ಮದ್ದಾಗದೆ ಅಂತ ಕರೆಯೋರ್ಗೆ ಗೊತ್ತಾಗ್ಲಿ. ನಾನಿಲ್ದೆ ಇದ್ದಾಗ ನಿನ್ ಗಂಡ ಕರ್ದು ಕಾಯಿಸ್ಬುಟ್ರೆ?" ಎಂದರು. ಎದುರು ಮನೆಯವರು ನೋಡಿದರು. ಅವರ ಹಸುವಿಗೆ ಬಾವು ಬಂದಾಗ ಅವರೂ ಕಟ್ಟಿದರು.

ಮೊನ್ನೆ ಚಿನ್ನಮ್ಮಣ್ಣಿಯ ಮೊಮ್ಮಗಳ ನಾಮಕರಣಕ್ಕೆ ಮುಡುಕುತೊರೆಗೆ ಹೋಗಿದ್ದೆ. ಬಸ್ಸು ಇಳಿದು ನಡೆಯುವಾಗ, ನಮಗೆ ಯಾವ ಪರಿಚಯವೂ ಇಲ್ಲದ ಮನೆಯೊಂದರ ಮುಂದೆ ಹಸು ಕಟ್ಟಿದ್ದರು. ಕೊಂಬಿಗೆ ಕೆಂಪು ಬಟ್ಟೆ. ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಿದ್ದ ಹೆಂಗಸನ್ನು, ಇದನ್ನು ಕಟ್ಟಲು ಯಾರು ಹೇಳಿಕೊಟ್ಟರು ಎಂದು ಕೇಳಿದೆ.

"ಯಾರೂ ಯೋಳ್ಕೊಟ್ಟಿಲ್ಲ ಕನವ್ವ," ಎಂದಳು ಅವಳು, ಸೊಪ್ಪಿನಿಂದ ತಲೆ ಎತ್ತದೆ. "ಮದ್ದಾದ ಅಸೀಗೆ ಎಲ್ಲಾರೂ ಕಟ್ತಾರೆ."